ನೀರು ಬಂದಾವ್ರಿ

ಮೂವತ್ತೊಂದು ವರ್ಷ ಕನ್ನಡ ಮಾಸ್ತರಿಕೆ ಮಾಡಿದವನು ನಾನು. ಅಷ್ಟು ವರ್ಷಗಳಲ್ಲಿ ಕೆಂಪು ಮಸಿ ಎಷ್ಟು ಖರ್ಚು ಮಾಡಿದೆನೋ, ಎಷ್ಟು ಮಕ್ಕಳ ಉತ್ತರ ಪತ್ರಿಕೆಗಳಿಗೆ ಗಾಯ ಮಾಡಿದೆನೋ ದೇವರಿಗೇ ಗೊತ್ತು. ಹೆಚ್ಚಿನದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. 'ಶಾಲೆ'ಯನ್ನು 'ಸಾಲಿ' ಎಂದವರನ್ನು, 'ಭೂಮಿ'ಯ ಹೊಟ್ಟೆ ಸೀಳದೆ 'ಬೂಮಿ' ಎಂದು ಹಾಗೇ ಬಿಟ್ಟವರನ್ನು ತಿದ್ದಿದ್ದು ಸರಿಯೇ. ಆದರೆ ಒಂದು ತಿದ್ದುಪಡಿ ಮಾತ್ರ ನಿವೃತ್ತಿಯಾದ ಮೇಲೆ ನನ್ನನ್ನು ಹುಡುಕಿಕೊಂಡು ಬಂದು, ಎದುರು ಮನೆಯಲ್ಲೇ ವಾಸ ಮಾಡುತ್ತಿದೆ.

ನಮ್ಮ ಕಡೆಯ ಮಕ್ಕಳು 'ನೀರು ಬಂದವು' ಎಂದು ಬರೆಯುತ್ತಿದ್ದರು. ಆಳಂದದಲ್ಲಿ ಬರೆದರು, ಜೇವರ್ಗಿಯಲ್ಲಿ ಬರೆದರು, ಯಡ್ರಾಮಿಯಲ್ಲಂತೂ ತರಗತಿಗೆ ತರಗತಿಯೇ ಬರೆಯಿತು. ನಾನು ಆ 'ದವು'ಗೆ ಒಂದು ಕೆಂಪು ಸುತ್ತು ಹಾಕಿ, ಮೇಲೆ 'ನೀರು ಬಂತು' ಎಂದು ಬರೆದು, ಅರ್ಧ ಅಂಕ ಕತ್ತರಿಸುತ್ತಿದ್ದೆ. ನೀರು ಏಕವಚನ, ಅದನ್ನು ಎಣಿಸಲಾಗುವುದಿಲ್ಲ, ಎಣಿಸಲಾಗದ್ದಕ್ಕೆ ಬಹುವಚನ ಎಲ್ಲಿಯದು ಎಂದು ಬೆತ್ತ ಮೇಜಿಗೆ ಕುಟ್ಟಿ ಹೇಳುತ್ತಿದ್ದೆ. ಹೇಳಿ ಮನೆಗೆ ಬಂದರೆ ಹೆಂಡತಿ ಮಹಾದೇವಿ ಒಳಗಿನಿಂದ, "ನೀರು ಕಾದಾವ, ಮಾರಿ ತೊಳ್ಕೊಳ್ರಿ" ಎನ್ನುತ್ತಿದ್ದಳು. ನಾನು ಹೋಗಿ ಆ ಬಹುವಚನದಲ್ಲೇ ಮುಖ ತೊಳೆಯುತ್ತಿದ್ದೆ.

ಇದು ನಮ್ಮ ಸೀಮೆಯವರು ಎಲ್ಲಿಂದಲೋ ತಂದ ಮಾತಲ್ಲ. ಗಡಿಯಾಚೆಯ ಮರಾಠಿಯಲ್ಲಿ ನೀರು ಒಂದೇ. ನಮ್ಮ ಓಣಿಯಲ್ಲಿ ಅರ್ಧ ಮಂದಿ ಆಡುವ ಉರ್ದುವಿನಲ್ಲೂ ಒಂದೇ. ಎರಡರ ನಡುವೆ ಕುಳಿತ ನಾವು ಮಾತ್ರ ಹಾಲಿಗೂ ನೀರಿಗೂ ಬಹುವಚನ ಹಚ್ಚುತ್ತೇವೆ. ಹಾಲು ಉಕ್ಕಿದವು, ನೀರು ಬಂದವು. ಮಳೆಗೆ ಹಚ್ಚುವುದಿಲ್ಲ, ಮಜ್ಜಿಗೆಗೆ ಹಚ್ಚುವುದಿಲ್ಲ. ಯಾಕೆಂದು ಯಾವ ವ್ಯಾಕರಣ ಪಂಡಿತನನ್ನೂ ನಾನು ಕೇಳಲಿಲ್ಲ. ಕೇಳಿದ್ದರೆ ಅವನೂ ನನ್ನಂತೆ ಮೇಜು ಕುಟ್ಟುತ್ತಿದ್ದನೋ ಏನೋ.

ಇನ್ನೂ ದೊಡ್ಡ ನಾಚಿಕೆ ಏನೆಂದರೆ, ಕಾಲೇಜಿನಲ್ಲಿ ಸಂಸ್ಕೃತ ಓದಿದವನು ನಾನು. ಅಲ್ಲಿ ನೀರಿಗೆ 'ಆಪಃ' ಎನ್ನುತ್ತಾರೆ. ಅದು ನಿತ್ಯ ಬಹುವಚನ, ಒಂದು ಹನಿಯಾದರೂ ಬಹುವಚನವೇ. ಅದನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಅಂಕ ಪಡೆದವನು, ಅದೇ ಮಾತನ್ನು ಕನ್ನಡದಲ್ಲಿ ಬರೆದ ಮಕ್ಕಳ ಅಂಕ ಕತ್ತರಿಸಿದೆ. ಸಂಸ್ಕೃತದಲ್ಲಿ ಹೆಂಡತಿಗೆ 'ದಾರಾಃ' ಎಂಬ ಶಬ್ದವೂ ಇದೆ, ಅದೂ ನಿತ್ಯ ಬಹುವಚನ, ಒಬ್ಬಳೇ ಇದ್ದರೂ ಬಹುವಚನ. ಇದನ್ನು ಒಮ್ಮೆ ಮಹಾದೇವಿಗೆ ದೊಡ್ಡ ಸೋಜಿಗವೆಂಬಂತೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ಮನ್ಯಾಗಿನ ಕೆಲಸ ನೋಡಿ ಇಟ್ಟಾರ ಬಿಡ್ರಿ" ಎಂದಳು.

ಎದುರು ಮನೆಯ ವಿಷಯಕ್ಕೆ ಬರುತ್ತೇನೆ. ನಮ್ಮ ಊರು ಅಫಜಲಪುರದಿಂದ ಹವಳಗಾಕ್ಕೆ ಹೋಗುವ ದಾರಿಯಲ್ಲಿದೆ. ಕಬ್ಬಿನ ಟ್ರಾಕ್ಟರುಗಳು ಹಾಡು ಹಚ್ಚಿಕೊಂಡು ಹೋಗುವಾಗ ನಮ್ಮ ಕಿಟಕಿಗಳೂ ತಾಳ ಹಾಕುತ್ತವೆ. ಎದುರು ಮನೆ ಗುರುಬಾಯಿಯದು. ನನಗಿಂತ ನಾಲ್ಕು ವರ್ಷ ದೊಡ್ಡವಳು, ಎರಡು ಎಕರೆ ತೊಗರಿ ಹೊಲದ ಒಡತಿ, ಓಣಿಗೆಲ್ಲ ಕೇಳುವ ಗಂಟಲಿನವಳು. ಅವಳ ಸೊಸೆ ರೇಖಾ ಯಡ್ರಾಮಿ ಕಡೆಯವಳು, ಈಗ ನಮ್ಮೂರ ಅಂಗನವಾಡಿಯ ಟೀಚರು. ಮದುವೆಯಾಗಿ ಬಂದ ಎರಡನೆಯ ದಿನವೇ ನಮ್ಮ ಮನೆಗೆ ಬಂದು ಕಾಲಿಗೆ ನಮಸ್ಕಾರ ಮಾಡಿದಳು. ನಾನು ಸಂತೋಷದಿಂದ, ಯಾರ ಕೈಯಲ್ಲಿ ಕಲಿತೆಯಮ್ಮ ಎಂದು ಕೇಳಿದೆ. ನಿಮ್ಮ ಕೈಯಲ್ಲೇ ಎಂದಳು. ಒಂಬತ್ತನೆಯ ತರಗತಿಯಲ್ಲಿ 'ನಮ್ಮ ಊರಿನ ಬೆಳಗು' ಎಂಬ ಪ್ರಬಂಧ ಬರೆದಿದ್ದಳಂತೆ. ಅದರ ಮೊದಲ ವಾಕ್ಯ 'ನಳಕ್ಕೆ ನೀರು ಬಂದವು, ಅವ್ವ ಓಡಿದಳು' ಎಂದಿತ್ತಂತೆ. ಅರ್ಧ ಅಂಕ ಹೋಯಿತಂತೆ. ಇಷ್ಟನ್ನು ನಗುತ್ತಲೇ ಹೇಳಿದಳು. ಮಕ್ಕಳು ಪಾಠ ಮರೆಯುತ್ತಾರೆ, ಕತ್ತರಿಸಿದ ಅಂಕ ಮರೆಯುವುದಿಲ್ಲ ಎನ್ನುವುದು ನನಗೆ ಅಂದು ತಿಳಿಯಿತು.

ನಮ್ಮ ಓಣಿ ಏರಿನ ಮೇಲಿದೆ. ಮನೆಮನೆಗೆ ನಳ ಇದ್ದರೂ ಏರು ಹತ್ತಿ ಬರುವಷ್ಟರಲ್ಲಿ ನೀರಿಗೆ ಸುಸ್ತಾಗಿರುತ್ತದೆ. ಓಣಿಯ ಮೂಲೆಯಲ್ಲಿ, ಬೇವಿನ ಗಿಡದ ಕೆಳಗೆ ಇರುವ ಹಳೆಯ ನಳದಲ್ಲಿ ಮಾತ್ರ ಅದು ಜೋರಾಗಿ ಬರುತ್ತದೆ. ಒಂದೊಂದು ಓಣಿಗೆ ವಾರಕ್ಕೊಂದು ಪಾಳಿ. ನಮಗಿಂತ ಮುಂಚಿನ ಓಣಿ ಬೇಗ ಮುಗಿಸಿದರೆ ನಮಗೆ ಬೇಗ, ತಡ ಮಾಡಿದರೆ ತಡ. ಹಾಗಾಗಿ ಇಂಥ ದಿನ, ಇಂಥ ಹೊತ್ತಿಗೇ ಬರುತ್ತದೆ ಎಂದು ಯಾರೂ ಹೇಳಲಾರರು. ಅದಕ್ಕೇ ನಮ್ಮಲ್ಲಿ ಒದರುವ ಪದ್ಧತಿ ಹುಟ್ಟಿದ್ದು. ನಳ ಮೊದಲು 'ಸುಸ್' ಎನ್ನುತ್ತದೆ, ಕೆಮ್ಮುತ್ತದೆ, ಆಮೇಲೆ ನೀರು. ಆ ಸುಸ್ ಮೊದಲು ಯಾರ ಕಿವಿಗೆ ಬೀಳುತ್ತದೋ ಅವರು ಓಣಿಯ ಈ ತುದಿಯಿಂದ ಆ ತುದಿಗೆ ನಡೆದು "ನೀರು ಬಂದಾವ್ರಿ" ಎಂದು ಒದರಬೇಕು, ಹೆಚ್ಚಾಗಿ ಅದು ಗುರುಬಾಯಿಯ ಪಾಲಿಗೇ ಬರುತ್ತದೆ. ಒದರಲು ಹೋದವರ ಪಾಳಿ ತಪ್ಪುತ್ತದಲ್ಲ, ಅದಕ್ಕೂ ವ್ಯವಸ್ಥೆ ಇದೆ. ಮೊದಲು ಬಂದವರು ತಮ್ಮ ಕೊಡ ಇಡುವ ಮುಂಚೆ ಒದರಿದವರ ಕೊಡ ತುಂಬಿ, ಅವರ ಕಟ್ಟೆಯ ಮೇಲೆ ಇಡಬೇಕು. ಇದನ್ನು ಯಾರೂ ಎಲ್ಲಿಯೂ ಬರೆದಿಟ್ಟಿಲ್ಲ, ಬರೆದಿದ್ದರೆ ನಾನು ಅದರಲ್ಲೂ ತಪ್ಪು ಹುಡುಕುತ್ತಿದ್ದೆ.

ನಿವೃತ್ತಿಯಾದ ವರ್ಷ ನಾನು ಮನೆಯ ಹಿಂದೆ ಬೋರು ಹಾಕಿಸಿದೆ. ಮಾಳಿಗೆಯ ಮೇಲೆ ದೊಡ್ಡದೊಂದು ನೀರಿನ ಕರಿ ಟಾಕಿ ಕೂಡಿಸಿದೆ. ಹವಳಗಾ ದಾರಿಯಲ್ಲಿ ಬಸ್ಸಿನಿಂದ ಇಳಿದವರಿಗೆ ಗುಡಿಯ ಶಿಖರಕ್ಕಿಂತ ಮೊದಲು ನನ್ನ ಟಾಕಿ ಕಾಣುತ್ತಿತ್ತು. ನಮ್ಮ ಮನೆ ಎಲ್ಲಿ ಎಂದು ಯಾರಾದರೂ ಫೋನಿನಲ್ಲಿ ಕೇಳಿದರೆ, ಕರಿ ಟಾಕಿ ನೋಡಿ ಬನ್ನಿ ಎನ್ನುತ್ತಿದ್ದೆ. ಆ ಮಾತಿನಲ್ಲಿ ಎಷ್ಟು ಗತ್ತು ಇರುತ್ತಿತ್ತು ಎಂದು ಈಗ ನೆನೆದರೆ ನನಗೇ ನಗು ಬರುತ್ತದೆ. ಟಾಕಿಯ ಜೊತೆಗೆ ಕಾಂಪೌಂಡು ಬಂತು, ಕಾಂಪೌಂಡಿಗೆ ಗೇಟು ಬಂತು, ಗೇಟಿಗೆ ಗಂಟೆ ಬಂತು. ಗುಂಡಿ ಒತ್ತಿದರೆ ನೀರು, ಗುಂಡಿ ಒತ್ತಿದರೆ ಅತಿಥಿ. ಮಹಾದೇವಿಯ ಸೊಂಟಕ್ಕೆ ಕೊಡದಿಂದ ಬಿಡುಗಡೆ ಆಯಿತು. ಇದನ್ನು ಮಾತ್ರ ನಾನು ಅಣಕಿಸಲಾರೆ. ಅವಳ ಸೊಂಟ ನೋವು ನಿಜವಾಗಿಯೂ ಕಡಿಮೆಯಾಯಿತು.

ಆದರೆ ಒದರುವ ದನಿ ನಮ್ಮ ಗೇಟಿನ ತನಕ ಬರುವುದು ನಿಂತಿತು. ಸಿಟ್ಟಿನಿಂದ ಅಲ್ಲ. ಟಾಕಿ ಇದ್ದವರಿಗೆ ಯಾರು ಒದರುತ್ತಾರೆ? ದನಿ ಗುರುಬಾಯಿಯ ಬಾಗಿಲ ತನಕ ಬಂದು ಹಿಂದಕ್ಕೆ ತಿರುಗುತ್ತಿತ್ತು. ದನಿಯ ಜೊತೆಗೆ ಇನ್ನೂ ಏನೇನು ಹಿಂದಕ್ಕೆ ಹೋಗುತ್ತಿತ್ತು ಎನ್ನುವುದು ನನಗೆ ನಿಧಾನಕ್ಕೆ ತಿಳಿಯಿತು. ಯಾರ ಮನೆಯ ಎಮ್ಮೆ ಈದಿತು, ಯಾರ ಮಗಳನ್ನು ನೋಡಲು ಬಂದರು, ಯಾರ ತೊಗರಿಗೆ ಹುಳ ಬಿತ್ತು, ಇವೆಲ್ಲ ನಳದ ಹತ್ತಿರದ ಸುದ್ದಿಗಳು. ರೇಖಾಳ ಮಗಳು ನಡೆಯಲು ಕಲಿತಿದ್ದು ನಮಗೆ ಗೊತ್ತಾದದ್ದು, ಅದು ನಮ್ಮ ಗೇಟು ದೂಡಿಕೊಂಡು ತಾನೇ ಒಳಗೆ ನಡೆದು ಬಂದಾಗ. ಎದುರು ಮನೆ, ನಡುವೆ ಎಂಟು ಹೆಜ್ಜೆಯ ದಾರಿ. ಆ ಎಂಟು ಹೆಜ್ಜೆಯ ಸುದ್ದಿಯನ್ನು ಕೂಸು ತಾನೇ ನಡೆದು ತರಬೇಕಾಯಿತು.

ಒಂದು ದಿನ ಗೇಟಿನ ಹತ್ತಿರ ನಿಂತು, ಕೊಡ ಹೊತ್ತು ಹೋಗುತ್ತಿದ್ದ ರೇಖಾಳನ್ನು ಮಾತಾಡಿಸಬೇಕೆಂದು, "ನೀರು ಬಂತೇನವ್ವಾ" ಎಂದೆ. ಅವಳು ಕೊಡ ಸರಿಮಾಡಿಕೊಂಡು ನಿಂತಳು.

"ನಿಮ್ಮ ಮನಿಗಿ ಬಂತ್ರಿ ಸರ. ನಮಗ ಬಂದಾವ."

ಹೇಳಿ ನಕ್ಕು ಹೋದಳು. ನಾನೂ ನಕ್ಕೆ. ಅರ್ಧ ಅಂಕದ ಹಳೆಯ ಚೇಷ್ಟೆ ಎಂದುಕೊಂಡೆ. ಸಂಜೆ ಚಹಾ ಕುಡಿಯುವಾಗ ಆ ಮಾತು ಮತ್ತೆ ನೆನಪಾಯಿತು, ನಗು ಬರಲಿಲ್ಲ.

ಹೋದ ಮಾಘದಲ್ಲಿ ನಮ್ಮ ಬೋರಿನ ಮೋಟಾರು ಸುಟ್ಟಿತು. ಅದನ್ನು ಮೇಲೆತ್ತಲು ಬಂದ ಮೆಕ್ಯಾನಿಕ್ ಅರ್ಧಕ್ಕೆ ಎತ್ತಿದ, ಹಗ್ಗ ಹರಿಯಿತು, ಮೋಟಾರು ಮತ್ತೆ ತಳಕ್ಕೆ ಹೋಯಿತು. ಅವನು ಕೊಳವೆಯೊಳಗೆ ಬಹಳ ಹೊತ್ತು ಇಣುಕಿ ನೋಡಿ, ನಾಳೆ ಬರುತ್ತೇನೆ ಎಂದು ಹೋದ. ಅವನ ನಾಳೆ ಎನ್ನುವುದು ಖಂಡಿತ ಬಹುವಚನ. ಮಹಾದೇವಿ ಅಟ್ಟದ ಮೇಲಿಂದ ಹಳೆಯ ತಾಮ್ರದ ಕೊಡ ಇಳಿಸಿ, ಹುಣಸೆಹಣ್ಣು ಹಚ್ಚಿ ತಿಕ್ಕಿ, ಕಟ್ಟೆಯ ಮೇಲೆ ಇಟ್ಟಳು. ಅದು ಹೊಳೆಯುವುದನ್ನು ನೋಡಿದರೆ ಅವಳಿಗೆ ಒಳಗೊಳಗೇ ಖುಷಿಯಾದಂತೆ ನನಗೆ ಅನ್ನಿಸಿತು.

ಆ ವಾರ ನಮ್ಮ ಓಣಿಯ ಪಾಳಿ ಬಂತು, ಹೋಯಿತು. ನಮಗೆ ಯಾರೂ ಒದರಲಿಲ್ಲ. ನಾನು ಒಳಗೆ ಫ್ಯಾನಿನ ಕೆಳಗೆ ಪೇಪರು ಓದುತ್ತಿದ್ದೆ, ಮಹಾದೇವಿ ಹಿತ್ತಲಲ್ಲಿದ್ದಳು. ಹೊರಗೆ ಬಂದು ನೋಡಿದರೆ ನಳದ ಕೆಳಗಿನ ಕಲ್ಲು ಒದ್ದೆಯಾಗಿತ್ತು, ನಮ್ಮ ಕೊಡ ಒಣಗಿತ್ತು. ನನಗೆ ಬಹಳ ಕೆಟ್ಟದೆನಿಸಿತು. ನೀರಿಗಾಗಿ ಅಲ್ಲ. ನೀರನ್ನು ಮೂಲೆಯ ಅಂಗಡಿಯ ಕ್ಯಾನಿನಲ್ಲೂ ತರಬಹುದು, ತಂದೆವು ಕೂಡ. ಈ ಓಣಿ ನಮ್ಮ ಹೆಸರನ್ನು ತನ್ನ ಬಾಯಿಂದ ತೆಗೆದುಹಾಕಿತೇ ಎನ್ನುವುದು ನನ್ನ ಸಂಕಟ. ಬೇಕಂತಲೇ ಮಾಡಿದರು ಎಂದು ಸಿಡಿಮಿಡಿಗೊಂಡೆ. ಮಹಾದೇವಿ ಶಾಂತವಾಗಿ ಕೇಳಿದಳು:

"ನಮ್ಮ ಮೋಟಾರು ಕೆಟ್ಟದ್ದು ಅವರಿಗಿ ನೀವು ಹೇಳೀರೇನು?"

ಹೇಳಿರಲಿಲ್ಲ. ಗೇಟು, ಗಂಟೆ, ಟಾಕಿ ಎಲ್ಲ ಇದ್ದವನು ಹೋಗಿ, ನಮ್ಮ ಮನೆಯಲ್ಲಿ ನೀರಿಲ್ಲ, ನಮಗೂ ಒದರಿ ಎಂದು ಹೇಗೆ ಹೇಳಲಿ? ಅವಳು ತಾನು ಹೇಳುತ್ತೇನೆ ಎಂದರೆ ಅದಕ್ಕೂ ಬೇಡವೆಂದೆ. ಮೂವತ್ತೊಂದು ವರ್ಷ ಮಂದಿಗೆ ಹೇಳಿ ಅಭ್ಯಾಸವಾದವನಿಗೆ ಕೇಳುವುದು ಎಷ್ಟು ಕಷ್ಟ ಎನ್ನುವುದನ್ನು ಮಾಸ್ತರರ ಹೆಂಡಂದಿರೇ ಬಲ್ಲರು. ಒದರಿಸಿಕೊಳ್ಳದೆ ನೀರು ತರುವ ಉಪಾಯವೊಂದು ನನಗೆ ಹೊಳೆಯಿತು. ಬೇವಿನ ಗಿಡದ ಕಟ್ಟೆಯ ಮೇಲೆ ಪೇಪರು ಹಿಡಿದು ಕೂತುಬಿಡುವುದು. ನಳ ಸುಸ್ ಎಂದರೆ ನನಗೇ ಕೇಳಿಸುತ್ತದೆ. ಕೊಡವನ್ನು ಪಕ್ಕದಲ್ಲಿ, ಪೇಪರಿನ ಮರೆಯಲ್ಲಿ ಇಟ್ಟುಕೊಂಡೆ. ತಾಮ್ರದ ಕೊಡವನ್ನು ಪೇಪರಿನಿಂದ ಮರೆಮಾಡಬಹುದು ಎಂದು ನಂಬಿದವನು ನಾನೊಬ್ಬನೇ ಇರಬೇಕು.

ಕೂತ ಮೇಲೆ ಆದದ್ದೇ ಬೇರೆ. ಮೊದಲ ದಿನ ಹೋಗುವವರು ಬರುವವರು, ಏನ್ರಿ ಮಾಸ್ತರ ಹೊರಗ ಕೂತೀರಿ ಎಂದರು. ಗಾಳಿಗೆ ಎಂದೆ. ಎರಡನೆಯ ದಿನ ಒಬ್ಬರು ಬಂದು ಪಕ್ಕ ಕೂತು ಪೇಪರಿನ ಒಳಗಿನ ಹಾಳೆ ಕೇಳಿದರು. ಮೂರನೆಯ ದಿನ ಗುರುಬಾಯಿ, ಏನೂ ಕೇಳದೆ, ಒಂದು ಬಸಿಯಲ್ಲಿ ಹಸಿ ಕಡಲೆ ಹುರಿದು ತಂದು ಇಟ್ಟಳು. ತೊಗರಿ ರಾಶಿಯ ಸುದ್ದಿ ಹೇಳಿದಳು, ಮೊಮ್ಮಗಳು ಗೇಟಿನ ಗಂಟೆ ಒತ್ತಲು ಕಲಿತಿದ್ದಾಳೆ, ಒತ್ತಿ ಓಡಿಬರುವವಳು ಅವಳೇ ಎಂದಳು. ನಾನು ಎಷ್ಟೋ ಸಲ ಗೇಟು ತೆಗೆದು ಯಾರೂ ಇಲ್ಲದ್ದಕ್ಕೆ ಬೈದುಕೊಂಡಿದ್ದೆ. ಪೇಪರು ಓದುವುದೇ ನಿಂತಿತು. ಫ್ಯಾನಿನ ಗಾಳಿಗಿಂತ ಬೇವಿನ ಗಾಳಿ ತಂಪು ಎಂಬುದನ್ನು ನಾನು ಪಠ್ಯದಲ್ಲಿ ಕಲಿಸಿದ್ದೆ, ಕೂತು ನೋಡಿರಲಿಲ್ಲ. ನಿಜ ಹೇಳಬೇಕೆಂದರೆ, ಮೆಕ್ಯಾನಿಕ್ ಬಾರದೆ ಇರಲಿ ಎಂದು ನಾನು ಬೇಡಿಕೊಳ್ಳಲಿಲ್ಲ. ಆದರೆ ಅವನಿಗೆ ಫೋನು ಮಾಡುವುದನ್ನೂ ಬಿಟ್ಟಿದ್ದೆ.

ಐದನೆಯ ದಿನ, ಬೆಳಗಿನ ಹತ್ತರ ಸುಮಾರಿಗೆ, ಓಣಿ ಖಾಲಿ ಇತ್ತು. ಗಂಡಸರು ಹೊಲಕ್ಕೆ, ಕಬ್ಬಿಗೆ ಹೋಗಿದ್ದರು. ಹೆಂಗಸರು ಒಳಗೆ ರೊಟ್ಟಿ ಬಡಿಯುತ್ತಿದ್ದರು, ಮನೆಮನೆಯಿಂದ ಟಪಟಪ ಸಪ್ಪಳ ಬರುತ್ತಿತ್ತು. ಆಗ ನಳ ಸುಸ್ ಎಂದಿತು. ಕೆಮ್ಮಿತು. ನಾನು ಗಾಬರಿಯಾಗಿ ಎದ್ದು ನಿಂತೆ. ಸುತ್ತಮುತ್ತ ಮತ್ತೊಬ್ಬರಿಲ್ಲ. ಮೊದಲ ಹೊಳಹಿಗೆ ನನಗೆ ಅನ್ನಿಸಿದ್ದನ್ನು ಮುಚ್ಚಿಡುವುದಿಲ್ಲ: ನಮ್ಮ ಕೊಡ ಇಟ್ಟು, ತುಂಬಿಕೊಂಡು, ಗುಟ್ಟಾಗಿ ಒಳಗೆ ಹೋಗಿಬಿಡಲೇ ಎನ್ನಿಸಿತು. ನನಗೆ ಒದರದವರಿಗೆ ನಾನೇಕೆ ಒದರಲಿ? ಕೊಡ ಇಟ್ಟೂ ಇಟ್ಟೆ. ಆದರೆ ಹುರಿದ ಕಡಲೆಯ ಬಸಿ ಇನ್ನೂ ಕಟ್ಟೆಯ ಮೇಲೆ ಇತ್ತು, ಗುರುಬಾಯಿಯದು. ಗಂಟಲು ಸರಿಮಾಡಿಕೊಂಡೆ.

"ನೀರು ಬಂದಿದೆ!" ಎಂದು ಕೂಗಿದೆ.

ಯಾರೂ ಹೊರಗೆ ಬರಲಿಲ್ಲ. ರೊಟ್ಟಿಯ ಸಪ್ಪಳ ಒಂದು ಗಳಿಗೆ ನಿಂತು, ಮತ್ತೆ ಶುರುವಾಯಿತು. ಮಾಸ್ತರರು ಪೇಪರು ಜೋರಾಗಿ ಓದುತ್ತಿದ್ದಾರೆ ಎಂದುಕೊಂಡರಂತೆ. ಎರಡು ಮನೆ ದಾಟಿ ಇನ್ನೂ ಜೋರಾಗಿ "ನೀರು ಬಂತು" ಎಂದೆ. ಗುರುಬಾಯಿ ಒಳಗಿನಿಂದಲೇ, ಮೋಟಾರು ಸರಿಯಾಯಿತೇನು, ಚಲೋ ಆಯಿತು ಬಿಡ್ರಿ ಎಂದಳು. ನನ್ನ ಮೋಟಾರು ಕೆಟ್ಟದ್ದು ಅವಳಿಗೆ ಗೊತ್ತಿತ್ತು! ಕೊಡ, ಪೇಪರು, ಗಾಳಿ, ಎಲ್ಲದರ ಅರ್ಥ ಓಣಿಗೆ ಎಂದೋ ಆಗಿತ್ತು. ನಾನು ಬಾಯಿಬಿಟ್ಟು ಹೇಳಲಿ ಎಂದು ಕಾಯುತ್ತಿದ್ದರು, ಅಷ್ಟೇ. ಹಿಂದೆ ನಳದಲ್ಲಿ ನೀರು ಧಾರಾಕಾರವಾಗಿ ಬಿದ್ದು, ನನ್ನ ಕೊಡ ತುಂಬಿ ಹರಿಯುತ್ತಿತ್ತು. ಓಣಿಯ ಒಂದು ವಾರದ ನೀರು ಕಣ್ಣೆದುರಿಗೆ ಮಣ್ಣುಪಾಲಾಗುತ್ತಿತ್ತು. ಒಬ್ಬ ಕನ್ನಡ ಮಾಸ್ತರ ಶುದ್ಧ ಕನ್ನಡದಲ್ಲಿ ಎರಡು ಸಲ ಹೇಳಿದರೂ ಒಬ್ಬರಿಗೂ ತಿಳಿಯಲಿಲ್ಲ.

ಆಗ ನನ್ನ ಬಾಯಿಂದ ಅದು ಬಂತು. ವ್ಯಾಕರಣ ಕಲಿಯುವ ಮುಂಚಿನ, ನನ್ನ ಅವ್ವ ಒದರುತ್ತಿದ್ದ ರಾಗದಲ್ಲೇ ಬಂತು.

"ನೀರು ಬಂದಾವ್ರೀ... ನೀರು ಬಂದಾವ..."

ಟಪಟಪ ಸಪ್ಪಳ ಒಮ್ಮೆಲೇ ನಿಂತಿತು. ಬಾಗಿಲುಗಳು ತೆರೆದವು. ಹಿಟ್ಟಿನ ಕೈಯವರು, ಸೆರಗು ಸಿಕ್ಕಿಸಿಕೊಂಡವರು ಬಂದರು, ಕೊಡ, ಬಕೇಟು, ಹಂಡೆ ಒಂದರ ಹಿಂದೆ ಒಂದು ಬಂದವು. ನಾನು ಓಣಿಯ ಆ ತುದಿಯ ತನಕ ಒದರುತ್ತಾ ಹೋದೆ. ನನ್ನ ವಯಸ್ಸಿಗೆ, ನನ್ನ ಹುದ್ದೆಗೆ ಅದು ಶೋಭಿಸುತ್ತಿತ್ತೋ ಇಲ್ಲವೋ ಆ ಹೊತ್ತಿಗೆ ನೆನಪೇ ಆಗಲಿಲ್ಲ. ತಿರುಗಿ ಬರುವಷ್ಟರಲ್ಲಿ ಪಾಳಿ ಉದ್ದಕ್ಕೆ ಬೆಳೆದಿತ್ತು. ನಳದ ಕೆಳಗೆ ಬೇರೆಯವರ ಕೊಡ ಇತ್ತು. ನನ್ನ ಕೊಡ ಕಾಣಲಿಲ್ಲ. ಹುಡುಕುತ್ತಾ ಬಂದೆ. ನೋಡಿದರೆ ಅದು ನಮ್ಮ ಮನೆಯ ಕಟ್ಟೆಯ ಮೇಲೆ ತುಂಬಿ ಕೂತಿತ್ತು. ಪಕ್ಕದಲ್ಲಿ ಗುರುಬಾಯಿಯ ಮನೆಯ ಒಂದು ಹಂಡೆ, ಅದೂ ತುಂಬಿತ್ತು. ಮಹಾದೇವಿ ಬಾಗಿಲಲ್ಲಿ ನಿಂತಿದ್ದಳು. ಗೇಟು ಪೂರಾ ತೆರೆದಿತ್ತು, ಗಂಟೆಯ ಗುಂಡಿಯನ್ನು ಕೂಸು ಮನಸಾರೆ ಒತ್ತುತ್ತಿತ್ತು. ಕೊಡವನ್ನು ನಾನೇ ಎತ್ತಿ ಒಳಗಿಟ್ಟೆ.

ನೀರಿಗೆ ಬಹುವಚನ ಯಾಕೆ ಎಂದು ನಾನು ಯಾವ ಪಂಡಿತನನ್ನೂ ಇನ್ನು ಕೇಳಬೇಕಿಲ್ಲ. ಒಬ್ಬರ ಮನೆಗಷ್ಟೇ ಬಂದರೆ ಬಂತು. ಓಣಿಗೆಲ್ಲ ಬಂದರೆ ಬಂದಾವ. ಒಂಬತ್ತನೆಯ ತರಗತಿಯ ಹುಡುಗಿಗೆ ಇದು ಗೊತ್ತಿತ್ತು.

ಮೆಕ್ಯಾನಿಕ್ ಕೊನೆಗೂ ಬಂದ, ಮೋಟಾರು ಮೇಲೆ ಬಂತು, ಟಾಕಿ ತುಂಬಿತು. ಮಹಾದೇವಿಯ ಸೊಂಟದ ಸಲುವಾಗಿ ಅದು ಇರಲಿ. ಟಾಕಿಗೆ ಒಂದು ಕೊಳವೆ ಕೂಡಿಸಿ ಗೇಟಿನ ಹೊರಗೆ ನಳ ಇಟ್ಟಿದ್ದೇನೆ, ಪಾಳಿ ತಪ್ಪಿದವರು ಹಿಡಿದುಕೊಳ್ಳುತ್ತಾರೆ. ಆದರೆ ಕುಡಿಯುವ ನೀರಿಗೆ ತಾಮ್ರದ ಕೊಡ ವಾರಕ್ಕೊಮ್ಮೆ ಬೇವಿನ ಗಿಡದ ಕೆಳಗೆ ಹೋಗುತ್ತದೆ, ಅದನ್ನು ನಾನೇ ಹೊರುತ್ತೇನೆ. ಒದರುವ ದನಿ ಈಗ ನಮ್ಮ ಬಾಗಿಲ ತನಕ ಬರುತ್ತದೆ. ಮೊದಲ ಸಲ ಬಂದಾಗ ನಾನು ಕೊಡ ಹಿಡಿದು ಬಾಗಿಲ ಹಿಂದೆಯೇ ನಿಂತೆ. ಮತ್ತೊಮ್ಮೆ ಒದರಲಿ ಎಂದು.

ನಾಲ್ಕು ದಿನದ ಹಿಂದೆ ಪಾಳಿಯಲ್ಲಿ ನಿಂತಾಗ ಮುಂದೆ ರೇಖಾ ಇದ್ದಳು. ಬಹಳ ದಿನದಿಂದ ಹೇಳಬೇಕೆಂದಿದ್ದನ್ನು ಹೇಳಿದೆ. ನಿನ್ನ ಪ್ರಬಂಧದ ಮೊದಲ ವಾಕ್ಯ ಸರಿ ಇತ್ತಮ್ಮ, ತಪ್ಪು ನನ್ನದು, ಆ ಅರ್ಧ ಅಂಕವನ್ನು ಇವತ್ತು ಹಿಂದಕ್ಕೆ ಕೊಡುತ್ತೇನೆ ಎಂದೆ. ಅವಳು ಕೊಡ ಎತ್ತಿ ಸೊಂಟಕ್ಕೆ ಇಟ್ಟುಕೊಂಡು, ಆ ಅಂಕ ನನಗೇನು ಮಾಡಾಕ ಬೇಕ್ರಿ ಸರ ಎಂದಳು. ಎರಡು ಹೆಜ್ಜೆ ಹೋಗಿ ತಿರುಗಿ ನಿಂತಳು.

"ಮುಂದಿನ ವಾರ ನಮ್ಮತ್ತಿ ತವರಿಗಿ ಹೋಗ್ತಾಳ್ರಿ. ಓಣಿಗಿ ನೀವೇ ಒದರ್ರಿ."

ಅಂದಿನಿಂದ ಬೆಳಗ್ಗೆ ಎದ್ದು ಬಿಸಿನೀರಿಗೆ ಉಪ್ಪು ಹಾಕಿ ಗಂಟಲು ಮುಕ್ಕಳಿಸುತ್ತಿದ್ದೇನೆ. ಮಹಾದೇವಿ ಕಾಸಿ ಕೊಡುತ್ತಾಳೆ. ಕೊಡುವಾಗ ದಿನಾ ಅದನ್ನೇ ಹೇಳುತ್ತಾಳೆ, ನೀರು ಕಾದಾವ್ರಿ ಎಂದು. ನಾನು ತಿದ್ದುವುದಿಲ್ಲ.